ಡೆಪ್ಯುಟಿ ಚನ್ನಬಸಪ್ಪನವರ ಚರಿತ್ರೆ: ರೂಢಿಯನ್ನು ಪ್ರೀತಿಯಿಂದ ತಿದ್ದಿದ ಬಗೆ



ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗ ಈ ಸೀಮೆಗಳ ಹಳ್ಳಿಗಳಲ್ಲಿ ಚದರಿರುವ ನಮ್ಮ ಸಭೆಗಳನ್ನು ಸಂದರ್ಶಿಸುವಾಗ ಹಿರಿಯರ ಬಾಯಿಂದ ಒಂದೇ ದೂರು ಮೇಲಿಂದ ಮೇಲೆ ನಮ್ಮ ಕಿವಿಗೆ ಬೀಳುತ್ತದೆ. ಎಷ್ಟು ಹೇಳಿದರೂ ಜನರು ಹಳೇ ರೂಢಿಯನ್ನು ಬಿಡುವದಿಲ್ಲ ಎಂಬದೇ ಆ ದೂರು. ಒಬ್ಬನು ಸಂತೆಯ ದಿವಸ ಸೆರೆಯಂಗಡಿಯನ್ನು ದಾಟಿ ಬರಲಾರನು. ಇನ್ನೊಬ್ಬನು ಮಗಳ ಮದುವೆಗೋಸ್ಕರ ಹೊಲವನ್ನು ಒತ್ತೆ ಇಡುವನು. ಮತ್ತೊಬ್ಬನು ಹತ್ತಿ ಬಿಡಿಸುವ ಕಾಲ ಬಂತೆಂದರೆ ಮಕ್ಕಳನ್ನು ಶಾಲೆಯಿಂದ ಬಿಡಿಸುವನು. ಇಂಥವರನ್ನು ಕಂಡಾಗ ಗದರಿಸುವದೂ ನಾಲ್ವರ ಮುಂದೆ ನಾಚಿಸುವದೂ ನಮ್ಮ ಕೈಗೆ ಸುಲಭವಾಗಿ ಸಿಗುವ ಕೋಲುಗಳು. ಆ ಕೋಲಿನಿಂದ ಎಷ್ಟು ಜನರು ತಿದ್ದಿಕೊಂಡರೆಂದು ಎಣಿಸಿ ನೋಡುವವರು ಕಡಿಮೆ.

ನಾವು ಒಮ್ಮೆ ಎಣಿಸಿ ನೋಡಬೇಕಾಗಿ ಬಂತು. ಸವದತ್ತಿಯ ಕಡೆಯ ಒಂದು ಹಳ್ಳಿಯಲ್ಲಿ, ದನ ಕಾಯುವ ಹುಡುಗರಿಗೂ ಕೂಲಿಗೆ ಹೋಗುವ ಹುಡುಗಿಯರಿಗೂ ರಾತ್ರಿ ವರ್ಗವನ್ನು ನಡಿಸುತ್ತಿದ್ದೆವು. ಮೊದಲನೇ ವಾರ 14 ಮಕ್ಕಳು ಬಂದರು. ಬಾರದವರನ್ನು ತಿದ್ದಬೇಕೆಂಬ ಹಟದಿಂದ ನಾವು ಆದಿತ್ಯವಾರದ ಆರಾಧನೆ ಮುಗಿದ ಮೇಲೆ ಅವರ ಹೆಸರುಗಳನ್ನು ಸಭೆಯ ಮುಂದೆ ಓದಿ ಹೇಳತೊಡಗಿದೆವು. ತಾಯಂದಿರು ಸೆರಗನ್ನು ಮುಖಕ್ಕೆ ಎಳೆದುಕೊಂಡರು. ಎರಡು ತಿಂಗಳೊಳಗೆ ವರ್ಗದಲ್ಲಿ 5 ಮಕ್ಕಳು ಉಳಿದರು. ಆರಾಧನೆಗೂ ಎರಡು ಮನೆಯವರು ಬಾರದೆ ಹೋದರು. ತಪ್ಪು ಮಕ್ಕಳದೆಂದೇ ನಾವು ಬಹು ದಿನ ತಿಳಿದಿದ್ದೆವು. ಆ ಕಾಲದಲ್ಲಿ ನಮ್ಮ ಬೆಳಗಾವಿ ಜಿಲ್ಲೆಯಲ್ಲಿಯೇ ದುಡಿದ ಒಬ್ಬ ಮಹನೀಯರ ಚರಿತ್ರೆಯನ್ನು ಓದುವ ಸಂದರ್ಭ ಒದಗಿತು. ಅವರು ನಮ್ಮ ಸಭೆಗೆ ಸೇರಿದವರಲ್ಲ, ಲಿಂಗಾಯತ ಮನೆತನದವರು. ಆದರೂ ಒಳ್ಳೇದು ಎಲ್ಲಿದ್ದರೂ ಅದನ್ನು ಕಲಿಯತಕ್ಕದ್ದು. ಆದಕಾರಣ ಡೆಪ್ಯುಟಿ ಚನ್ನಬಸಪ್ಪನವರ ಜೀವಿತವನ್ನು ಈ ತಿಂಗಳು ನಿಮ್ಮ ಮುಂದೆ ಇಡುತ್ತೇವೆ.

ಚನ್ನಬಸಪ್ಪನವರು 1833ನೇ ಇಸವಿಯಲ್ಲಿ ಧಾರವಾಡದಲ್ಲಿ ಹುಟ್ಟಿದರು. ಆ ಕಾಲದ ಸ್ಥಿತಿಯನ್ನು ಸ್ವಲ್ಪ ತಿಳಿಯದೆ ಅವರ ಕೆಲಸದ ಭಾರವು ನಮಗೆ ಗೊತ್ತಾಗಲಾರದು. 1818ರಲ್ಲಿ ಪೇಶವೆಯವರ ರಾಜ್ಯವು ಮುಗಿದು ಈ ಸೀಮೆಯು ಇಂಗ್ಲಿಷರ ಕೈಗೆ ಬಂದಿತ್ತು. 1824ರಲ್ಲಿ ಕಿತ್ತೂರಿನ ಸಂಸ್ಥಾನವೂ ಬಿತ್ತು; ರಾಣಿ ಚನ್ನಮ್ಮನವರು ಬೈಲಹೊಂಗಲದ ಕೋಟೆಯಲ್ಲಿ ಸೆರೆಯಲ್ಲಿದ್ದು 1829ರಲ್ಲಿ ತೀರಿಕೊಂಡರು. ಬೈಲಹೊಂಗಲವು ಆಗ ಸಂಪಗಾಂವ ತಾಲೂಕಿನೊಳಗಿನ ಪೇಟೆ. ಸವದತ್ತಿಯು ಪರಸಗಡ ತಾಲೂಕಿನ ಮುಖ್ಯ ಊರು. ರಾಮದುರ್ಗವು ಭಾವೆ ಮನೆತನದವರ ಬೇರೆ ಸಂಸ್ಥಾನವಾಗಿತ್ತು. ಜಿಲ್ಲೆಗಳೆಲ್ಲಾ ಮುಂಬಯಿ ಇಲಾಖೆಗೆ ಸೇರಿದ್ದವು.

ಮನೆಯಲ್ಲಿಯೂ ಹೊಲದಲ್ಲಿಯೂ ಸಂತೆಯಲ್ಲಿಯೂ ಜನರಾಡುವ ಮಾತು ಕನ್ನಡವೇ. ಕಚೇರಿಯ ದಪ್ತರವು ಮಾತ್ರ ಮರಾಠಿ, ಅದೂ ಮೋಡಿ ಅಕ್ಷರದಲ್ಲಿ. ಪೇಶವೆಯವರ ಕಾಲದಿಂದ ಬಂದ ಈ ರೂಢಿಯನ್ನು ಹೊಸ ಸರಕಾರವು ಮೊದಲು ಹಾಗೆಯೇ ನಡಿಸಿಕೊಂಡು ಹೋಯಿತು. ಶಾಲೆಗಳು ತೆರೆದಾಗ ಅವುಗಳಲ್ಲಿ ಬಹಳವು ಮರಾಠಿ ಶಾಲೆಗಳಾದವು. 1831ರಲ್ಲಿ ವಾಲ್ಟರ್ ಇಲಿಯಟ್ ಸಾಹೇಬರು ಧಾರವಾಡದಲ್ಲಿ ಕನ್ನಡ ಶಾಲೆಯೊಂದನ್ನು ತೆರೆದರು; ಬಾಸೆಲ್ ಮಿಶನಿನವರು 1837ರಲ್ಲಿ ಅಲ್ಲಿಗೆ ಬಂದು ತಾವೂ ಕನ್ನಡದಲ್ಲಿ ಕಲಿಸಿದರು. ಆದರೂ ಕನ್ನಡ ಕಲಿತರೆ ಹೊಟ್ಟೆ ತುಂಬುವದಿಲ್ಲ, ಅದು ಒಕ್ಕಲಿಗರ ಮಾತು, ಓದುವವರ ಮಾತಲ್ಲ ಎಂಬ ಭಾವನೆಯು ತಂದೆತಾಯಿಗಳಲ್ಲಿ ಬೇರೂರಿತ್ತು. ಮಗನು ಶಾಲೆಗೆ ಹೋಗಿ ತಿಳಿಯದ ಭಾಷೆಯಲ್ಲಿ ತಿಳಿಯದ ಪಾಠವನ್ನು ಬಾಯಿಪಾಠ ಮಾಡುವದಕ್ಕಿಂತ ಎತ್ತಿನ ಹಿಂದೆ ಹೋಗುವದೇ ಲೇಸೆಂದು ರೈತನು ಎಣಿಸಿದರೆ ಅವನನ್ನು ಹೇಗೆ ಮೂರ್ಖನೆನ್ನುವದು?

ಊರ ಅಯ್ಯಗಳ ಮಠದಲ್ಲಿಯೋ ಗುಡಿಯ ಪಡಸಾಲೆಯಲ್ಲಿಯೋ ನಡೆಯುತ್ತಿದ್ದ ಗಾಂವಠೀ ಶಾಲೆಗಳೂ ಇದ್ದವು. ಅಲ್ಲಿ ಮರಳಿನ ಮೇಲೆ ಬೆರಳಿನಿಂದ ಅಕ್ಷರ ತಿದ್ದುವದು, ಲೆಕ್ಕಗಳನ್ನು ಕೂಗಿ ಹೇಳುವದು ನಡೆಯುತ್ತಿತ್ತು. ಅವುಗಳ ಬೆತ್ತವೂ ಕೋದಂಡವೂ ಹೆಸರಾದವು. ತಪ್ಪಿದ ಹುಡುಗನ ಕೈಗಳನ್ನು ಹಗ್ಗದಿಂದ ತೊಲೆಗೆ ಕಟ್ಟಿ ನೇತಾಡಿಸುವದಕ್ಕೆ ಕೋದಂಡವೆಂದು ಹೆಸರು. ಭಯವು ಮಕ್ಕಳನ್ನು ಸ್ವಲ್ಪ ಹೊತ್ತು ಕೂಡ್ರಿಸೀತು; ಅವರಲ್ಲಿ ವಿದ್ಯೆಯ ಆಶೆಯನ್ನು ಹುಟ್ಟಿಸಲಾರದು. ಗುದ್ದಿ ಹಣ್ಣು ಮಾಡಿದ ಕಾಯಿ ಮೆತ್ತಗಾಗುವದೇ ಹೊರತು ಸಿಹಿಯಾಗುವದಿಲ್ಲ.

ಇಂಥ ಕಾಲದಲ್ಲಿ ಚನ್ನಬಸಪ್ಪನವರು ಧಾರವಾಡದಲ್ಲಿ ಕಲಿತು, ಹೆಚ್ಚಿನ ವಿದ್ಯೆಗಾಗಿ ಪುಣೆಗೆ ಹೋದರು. ಆಗ ಈ ಸೀಮೆಗೆ ರೈಲು ಬಂದಿರಲಿಲ್ಲ. ಆ ಪ್ರಯಾಣವೇ ಒಂದು ಸಾಹಸವಾಗಿತ್ತು. ಇಂಗ್ಲಿಷ್ ಬಲ್ಲ ತರುಣನಿಗೆ ದೊಡ್ಡ ಸಂಬಳದ ಕಚೇರಿಗಳು ಬಾಗಿಲು ತೆರೆದು ಕಾಯುತ್ತಿದ್ದ ದಿನಗಳವು. ಅವರಾದರೋ ತಮ್ಮ ಸೀಮೆಗೆ ತಿರುಗಿ ಬಂದು ಶಿಕ್ಷಕರ ಕೆಲಸವನ್ನು ಹಿಡಿದರು. ಹಳ್ಳಿಯ ಶಾಲೆಗಳಿಗೆ ಮಾಸ್ತರರನ್ನು ಸಿದ್ಧಪಡಿಸುತ್ತಿದ್ದ ಧಾರವಾಡದ ನಾರ್ಮಲ್ ಸ್ಕೂಲಿಗೆ ಮುಖ್ಯಾಧ್ಯಾಪಕರಾದರು. ಆ ಮೇಲೆ ಬೆಳಗಾವಿಯಲ್ಲಿ ಡೆಪ್ಯುಟಿ ಎಜುಕೇಶನಲ್ ಇನ್ಸ್ಪೆಕ್ಟರರಾದರು. ಜನರು ಆ ಹುದ್ದೆಯ ಹೆಸರನ್ನೇ ಅವರ ಹೆಸರಿಗೆ ಸೇರಿಸಿ ಡೆಪ್ಯುಟಿ ಚನ್ನಬಸಪ್ಪನವರೆಂದು ಕರೆದರು. ಇಂದಿಗೂ ಹಾಗೆಯೇ ಕರೆಯುತ್ತಾರೆ. ದಕ್ಷಿಣ ವಿಭಾಗದ ಮುಖ್ಯ ಇನ್ಸ್ಪೆಕ್ಟರರಾಗಿದ್ದ ರಸೆಲ್ ಸಾಹೇಬರೂ ಕನ್ನಡದ ಪಕ್ಷಪಾತಿಗಳಾಗಿದ್ದದರಿಂದ ಇಬ್ಬರ ಕೈಗಳೂ ಒಂದಾದವು.

ಅದೇ 1860ರ ದಶಕದಲ್ಲಿ ಮುಂಬಯಿ ಸರಕಾರವು ಭೂಕಂದಾಯದ ಒಂದೊಂದು ರೂಪಾಯಿಯ ಮೇಲೆ 1 ಆಣೆಯ ಪಟ್ಟಿಯನ್ನು ಕೂಡ್ರಿಸಿ, ಅದರ 3 ಪಾಲಿನಲ್ಲಿ 1 ಪಾಲನ್ನು ಶಾಲೆಗಳಿಗೂ ಉಳಿದದ್ದನ್ನು ಹಾದಿ ಮುಂತಾದವುಗಳಿಗೂ ನೇಮಿಸಿತು. ಹೀಗೆ ಶಾಲೆಗೆ ಹಣ ಹುಟ್ಟಿತು. ಆದರೆ ಹಣವು ಗೋಡೆ ಕಟ್ಟೀತು, ಮಾಸ್ತರನಿಗೆ ಸಂಬಳ ಕೊಟ್ಟೀತು. ತಂದೆಯ ಮನಸ್ಸನ್ನು ತಿರುಗಿಸಲಾರದು. ರೈತನ ದೃಷ್ಟಿಯಲ್ಲಿ ಆ ಆಣೆಯೂ ಇನ್ನೊಂದು ತೆರಿಗೆಯೇ. ಹೀಗಿರಲಾಗಿ ಅಧಿಕಾರವುಳ್ಳ ಡೆಪ್ಯುಟಿಯು ಕುದುರೆಯನ್ನೇರಿ ಬಂದು ಗೌಡ ಕುಲಕರ್ಣಿಗಳಿಗೆ ಹುಕುಂ ಕೊಟ್ಟು ಹೋಗಬಹುದಾಗಿತ್ತು. ಹುಕುಮಿನಿಂದ ತುಂಬಿದ ಶಾಲೆಯು ಸಾಹೇಬರ ಡೇರೆ ಎದ್ದ ಮರುದಿನವೇ ಬರಿದಾಗುವದು ಸಹಜ. ಚನ್ನಬಸಪ್ಪನವರು ಹಿಡಿದದ್ದು ಬೇರೆ ಹಾದಿ. ಅವರು ಊರೂರಿಗೆ ಹೋಗಿ ಜನರೊಂದಿಗೆ ಅವರ ಮಾತಿನಲ್ಲಿಯೇ ಮಾತಾಡಿದರು. ಮಕ್ಕಳನ್ನು ಶಾಲೆಗೆ ಕಳುಹಿಸುವಂತೆ ತಂದೆತಾಯಿಗಳ ಮನವೊಲಿಸಿದರು. ಕನ್ನಡ ಮಕ್ಕಳಿರುವ ಊರುಗಳಲ್ಲಿ ಕನ್ನಡ ಶಾಲೆಗಳು ಏಳುವಂತೆ ಶ್ರಮಪಟ್ಟರು. ಮರಾಠಿಯನ್ನು ಅವರು ಬಲ್ಲವರೇ, ಪುಣೆಯಲ್ಲಿ ಕಲಿತವರೇ. ಮಗುವಿಗೆ ತಾಯಿಯ ಮಾತಿನಲ್ಲಿ ಕಲಿಸಿದರೆ ಅದು ಬೇಗ ತಿಳಿಯುವದು, ತಿಳಿದದ್ದು ರುಚಿಸುವದು, ರುಚಿಸಿದ್ದನ್ನು ಅದು ಬಿಡಲಾರದು ಎಂಬದು ಅವರ ಕೆಲಸದ ತಿರುಳಾಗಿತ್ತು.

ಇಲ್ಲಿ ಒಂದು ಸಂಗತಿಯನ್ನು ಚೆನ್ನಾಗಿ ಲಕ್ಷಿಸಬೇಕು. ಜನರ ರೂಢಿಯನ್ನು ತಿದ್ದಬೇಕೆನ್ನುವವನು ಬಿಡಬೇಕಾದದ್ದನ್ನೇ ತೋರಿಸಿದರೆ ಸಾಲದು. ಅದಕ್ಕೆ ಬದಲಾಗಿ ಹಿಡಿಯತಕ್ಕದ್ದನ್ನು ಕೈಗೆ ಕೊಡಬೇಕು. ಕನ್ನಡ ಓದಿರೆಂದು ಹೇಳಿದ ಕೂಡಲೇ ಏನನ್ನು ಓದಬೇಕೆಂಬ ಪ್ರಶ್ನೆ ಎದ್ದಿತು. ಮಕ್ಕಳಿಗೆ ತಕ್ಕ ಪುಸ್ತಕಗಳು ಬಹು ಕಡಿಮೆ. ಚನ್ನಬಸಪ್ಪನವರು ತಾವೊಬ್ಬರೇ ಬರೆದು ಹೆಸರು ಪಡೆಯಬೇಕೆನ್ನಲಿಲ್ಲ. ಬರೆಯಬಲ್ಲವರನ್ನು ಗುರುತಿಸಿ ಹುರುಪುಗೊಳಿಸಿದರು. ಬಾಣನ ಕಾದಂಬರಿಯನ್ನು ಕನ್ನಡಕ್ಕೆ ತಂದ ಗಂಗಾಧರ ಮಡಿವಾಳೇಶ್ವರ ತುರಮರಿಯವರೂ, ಅನೇಕ ಶಾಲಾಪುಸ್ತಕಗಳಿಗೆ ದುಡಿದ ವೆಂಕಟ ರಂಗೋ ಕಟ್ಟಿಯವರೂ ಆ ಕಾಲದ ಈ ಬಳಗದವರೇ. ತುರಮರಿಯೆಂಬದು ನಮ್ಮ ಕಿತ್ತೂರು ಸೀಮೆಯ ಹಳ್ಳಿಯ ಹೆಸರೆಂಬದನ್ನು ವಾಚಕರು ಬಲ್ಲರು.

ಮಾಸ್ತರರ ವಿಷಯವಾಗಿಯೂ ಅವರ ಕ್ರಮವು ಇಂಥದ್ದೇ. ದೂರದ ಹಳ್ಳಿಯಲ್ಲಿ ಒಬ್ಬಂಟಿಗನಾಗಿ ಕಡಿಮೆ ಸಂಬಳಕ್ಕೆ ದುಡಿಯುವ ಮಾಸ್ತರನಿಗೆ ಇನ್ಸ್ಪೆಕ್ಟರನೆಂದರೆ ತಪ್ಪು ಹುಡುಕಲು ಬರುವವನು. ಅಂಥವನಿಗೆ ತಪ್ಪಿನ ಪಟ್ಟಿಗಿಂತ ಒಳ್ಳೇ ಮಾದರಿಯು ಹೆಚ್ಚು ಸಹಾಯಕವೆಂದು ಬಲ್ಲವರಾಗಿ ಚನ್ನಬಸಪ್ಪನವರು ಮಠಪತ್ರಿಕೆಯೆಂಬ ಮಾಸಪತ್ರಿಕೆಯನ್ನು ಹೊರಡಿಸಿದರು. ಮಠವೆಂದರೆ ಇಲ್ಲಿ ಶಾಲೆ. ಅದು 1865ರಲ್ಲಿ ಹುಟ್ಟಿತು. ಅದೇ ಪರಂಪರೆಯು ಹೆಸರು ಬದಲಾಗಿ ಜೀವನ ಶಿಕ್ಷಣವೆಂಬ ಪತ್ರಿಕೆಯಾಗಿ ಮುಂದುವರಿಯಿತು. ಹಳ್ಳಿಯ ಮೂಲೆಯಲ್ಲಿ ಕೂತ ಮಾಸ್ತರನು ತಾನು ಒಬ್ಬನೇ ಅಲ್ಲ, ತನ್ನಂತೆ ದುಡಿಯುವವರು ಅನೇಕರು ಇದ್ದಾರೆಂದು ತಿಂಗಳಿಗೊಮ್ಮೆ ತಿಳಿಯುವದು ಎಷ್ಟು ದೊಡ್ಡ ಧೈರ್ಯ! ಹಳ್ಳಿಯ ಸಭೆಗಳಲ್ಲಿ ಒಬ್ಬೊಬ್ಬರಾಗಿ ದುಡಿಯುವ ನಮ್ಮ ಉಪದೇಶಕರು ಇದನ್ನು ಬೇಗ ಅರಿತುಕೊಳ್ಳುವರು.

1871ರಲ್ಲಿ ಅವರು ಇಂಗ್ಲಿಷ್ ಕವಿಯಾದ ಶೇಕ್ಸ್‌ಪಿಯರನ ಒಂದು ನಾಟಕವನ್ನು ನಗದವರನ್ನು ನಗಿಸುವ ಕಥೆಯೆಂಬ ಹೆಸರಿನಿಂದ ಕನ್ನಡಕ್ಕೆ ತಂದರು. ಒಂದೇ ರೂಪದ ಅವಳಿ ಜವಳಿಗಳನ್ನು ಜನರು ಒಬ್ಬರಿಗೆ ಬದಲಾಗಿ ಒಬ್ಬರೆಂದು ತಿಳಿದು ಪಡುವ ಪಾಡೇ ಅದರ ಕಥೆ. ವಿದ್ಯಾಖಾತೆಯ ದೊಡ್ಡ ಅಧಿಕಾರಿಯೊಬ್ಬರು ಜನರನ್ನು ನಗಿಸಲು ಕೂತು ಬರೆದರೆಂಬದು ಕೆಲವರಿಗೆ ಸಣ್ಣ ಮಾತಾಗಿ ತೋರಬಹುದು. ನಮಗೆ ಹಾಗೆ ತೋರುವದಿಲ್ಲ. ಓದು ಎಂದರೆ ಬೆತ್ತವೂ ಬಾಯಿಪಾಠವೂ ಎಂದು ನಂಬಿದ ಜನರಿಗೆ ಓದಿನಲ್ಲಿ ಸಂತೋಷವೂ ಉಂಟೆಂದು ತೋರಿಸಿಕೊಟ್ಟವನು ನೂರು ಉಪದೇಶಗಳ ಕೆಲಸವನ್ನು ಮಾಡಿದವನು.

ಇಷ್ಟು ಬರೆದು ನಾವು ಆ ಕಾಲದ ನೋವಿನ ಸಂಗತಿಯೊಂದನ್ನು ಮರೆಮಾಡಿದರೆ ನಮ್ಮ ವಾಚಕರಿಗೆ ಅನ್ಯಾಯ ಮಾಡಿದಂತಾಗುವದು. 1856ನೇ ಇಸವಿಯ ಜೂನ್ ತಿಂಗಳಲ್ಲಿ ಮಹಾರ ಜಾತಿಯ ಒಬ್ಬ ಹುಡುಗನ ಹೆಸರಿನಲ್ಲಿ ಧಾರವಾಡದ ಸರಕಾರಿ ಶಾಲೆಗೆ ಸೇರಿಸಿಕೊಳ್ಳಬೇಕೆಂಬ ಅರ್ಜಿ ಬಂದಿತು. ಅವನು ಒಳಗೆ ಬಂದರೆ ಮಿಕ್ಕ ಮಕ್ಕಳೆಲ್ಲಾ ಬಿಟ್ಟು ಹೋಗುವರೆಂದು ಹೆದರಿ ಅವನನ್ನು ಸೇರಿಸಲಿಲ್ಲ. ಮುಂಬಯಿ ಸರಕಾರವೂ ಅದನ್ನೇ ಒಪ್ಪಿತು. ಆ ಸುದ್ದಿಯು ಲಂಡನ್ನಿನ ವರೆಗೆ ಹೋಗಿ, ಸರಕಾರದ ಶಾಲೆಗಳು ಎಲ್ಲಾ ವರ್ಗದವರಿಗೂ ತೆರೆದಿರಬೇಕೆಂದು ಕಂಪನಿಯ ಡೈರೆಕ್ಟರರು ನಿರ್ಣಯಿಸಿದರು. ಆದರೂ ಕಾಗದದ ಮೇಲೆ ತೆರೆದ ಬಾಗಿಲು ಹಳ್ಳಿಯಲ್ಲಿ ತೆರೆಯಲು ಬಹು ವರುಷಗಳು ಹಿಡಿದವು. ನಮ್ಮ ಅಜ್ಜಂದಿರ ಕಾಲದಲ್ಲಿಯೂ ಎಷ್ಟೋ ಮಕ್ಕಳು ಪಡಸಾಲೆಯ ಹೊರಗೆ ಕೂತು ಕಲಿತರು. ನಮ್ಮ ಸಭೆಯ ಅನೇಕ ಮನೆತನಗಳಲ್ಲಿ ಮೊದಲನೇ ಅಕ್ಷರವು ಮಿಶನ್ ಶಾಲೆಯಲ್ಲಿ ದೊರೆತದ್ದು ಈ ಕಾರಣದಿಂದಲೇ. ಆದದರಿಂದ ಶಾಲೆಗೆ ಬಾರದ ಮಗುವನ್ನು ಕಂಡಾಗ ನಾವು ಮೊದಲು ಕೇಳಬೇಕಾದದ್ದು ಇದು: ಅದು ಬರಲೊಲ್ಲದೋ, ಅಥವಾ ಬಾ ಎಂದು ಕರೆದವರು ಯಾರೂ ಇಲ್ಲವೋ? ತಲೆತಲಾಂತರದಿಂದ ಹೊರಗೆ ನಿಂತವನು ಬಾಗಿಲು ತೆರೆದ ಮೇಲೆಯೂ ಹೊರಗೇ ನಿಲ್ಲುವನು. ಅವನ ಕೈ ಹಿಡಿದು ಒಳಗೆ ಕರೆದುಕೊಳ್ಳುವವರು ಬೇಕು.

ಸಮುದ್ರದ ಆಚೆಯೂ ಇದೇ ಪಾಠವು ಕಲಿಯಲ್ಪಟ್ಟಿತು. ನಮ್ಮ ಮಕ್ಕಳು ಆದಿತ್ಯವಾರದ ಶಾಲೆಗೆ ಹೋಗುತ್ತಾರಲ್ಲವೇ? ಆ ಶಾಲೆಗಳನ್ನು ಪ್ರಸಿದ್ಧಪಡಿಸಿದ ರಾಬರ್ಟ್ ರೇಕ್ಸ್ ಎಂಬವರು ಇಂಗ್ಲೆಂಡಿನ ಗ್ಲೌಸ್ಟರ್ ಎಂಬ ಪಟ್ಟಣದಲ್ಲಿ ಪತ್ರಿಕೆಯ ಮುದ್ರಕರಾಗಿದ್ದರು. ಅವರು ಮೊದಲು ಬಹು ವರುಷ ಸೆರೆಮನೆಯಲ್ಲಿದ್ದವರ ಸುಧಾರಣೆಗಾಗಿ ದುಡಿದರು. 1780ರಲ್ಲಿ, ವಾರವೆಲ್ಲಾ ಗುಂಡುಸೂಜಿಯ ಕಾರಖಾನೆಗಳಲ್ಲಿ ದುಡಿದು ಆದಿತ್ಯವಾರ ಬೀದಿಯಲ್ಲಿ ಬೈಗುಳಾಡುತ್ತಾ ತಿರುಗುವ ಬಡ ಮಕ್ಕಳನ್ನು ಕೂಡಿಸಿ ಶಾಲೆ ತೆರೆದರು. ಒಳ್ಳೇ ಬಟ್ಟೆ ಬೇಕೆಂದು ಅವರು ಕೇಳಲಿಲ್ಲ; ಮುಖ ಕೈ ತೊಳೆದು ತಲೆ ಬಾಚಿಕೊಂಡು ಬಂದರೆ ಸಾಕೆಂದರು. ಚೆನ್ನಾಗಿ ನಡೆದವರಿಗೆ ಪುಸ್ತಕ, ಬಾಚಣಿಗೆ, ಪಾದರಕ್ಷೆ ಇಂಥವುಗಳನ್ನು ಬಹುಮಾನವಾಗಿ ಕೊಟ್ಟರು. 1811ರಲ್ಲಿ ಅವರು ತೀರಿಕೊಳ್ಳುವಷ್ಟರಲ್ಲಿ ಅಂಥ ಶಾಲೆಗಳು ಇಂಗ್ಲೆಂಡಿನ ತುಂಬಾ ಹಬ್ಬಿದ್ದವು. ಗ್ಲೌಸ್ಟರಿನ ಮುದ್ರಕರೂ ಬೆಳಗಾವಿಯ ಡೆಪ್ಯುಟಿಯವರೂ ಒಬ್ಬರನ್ನೊಬ್ಬರು ಕಂಡವರಲ್ಲ. ಒಂದೇ ಬಾವಿಯ ನೀರನ್ನು ಸೇದಿದವರು.

ಆದರೆ ಉತ್ತೇಜನವೆಂದರೆ ಮುಖಸ್ತುತಿಯಲ್ಲ. ಕೆಟ್ಟದ್ದನ್ನು ಒಳ್ಳೇದೆಂದು ಹೊಗಳುವವನು ಸ್ನೇಹಿತನಲ್ಲ. ಕುಡಿಯುವವನಿಗೆ ಕುಡಿತವು ಕೇಡೆಂದು ಹೇಳಲೇಬೇಕು. ಅದನ್ನು ಏಕಾಂತದಲ್ಲಿ ಹೇಳತಕ್ಕದ್ದು. ಅವನು ಒಂದು ಸಂತೆಯ ದಿವಸ ನೆಟ್ಟಗೆ ಮನೆಗೆ ಬಂದರೆ ಅದನ್ನು ಕಂಡವರು ಕಂಡೆವೆಂದು ಹೇಳತಕ್ಕದ್ದು. ಬಹುಮಾನವೆಂದರೆ ಲಂಚವೂ ಅಲ್ಲ. ಮಾಡುವದಕ್ಕಿಂತ ಮುಂಚೆ ಆಶೆ ತೋರಿಸಿ ಕೊಟ್ಟದ್ದು ಲಂಚ. ಅದು ನಿಂತ ದಿವಸ ಕೆಲಸವೂ ನಿಲ್ಲುವದು. ಮಾಡಿದ ಪ್ರಯತ್ನವನ್ನು ಗುರುತಿಸಿ ಕೊಟ್ಟದ್ದು ಬಹುಮಾನ. ಅದು ಅಲ್ಪವಾದರೂ ಮನುಷ್ಯನಿಗೆ ತನ್ನಿಂದ ಆಗುವದೆಂಬ ನಂಬಿಗೆಯನ್ನು ಕೊಡುವದು. ನಮ್ಮ ಎರೆಭೂಮಿಯ ಒಕ್ಕಲಿಗನಿಗೆ ಇದನ್ನು ವಿವರಿಸಿ ಹೇಳಬೇಕಾದದ್ದಿಲ್ಲ. ಹೂತ ಬಂಡಿಯನ್ನು ಎಳೆಯುವ ಎತ್ತಿನ ಬೆನ್ನನ್ನು ಅವನು ಚಪ್ಪರಿಸುವನು, ಹೆಸರು ಹಿಡಿದು ಕರೆಯುವನು, ತಾನೂ ಗಾಲಿಗೆ ಹೆಗಲು ಕೊಡುವನು. ಎತ್ತಿಗೆ ತೋರಿಸುವ ಈ ಬುದ್ಧಿಯನ್ನು ನಾವು ನೆರೆಯವನಿಗೂ ತೋರಿಸಬಾರದೋ?

ಚನ್ನಬಸಪ್ಪನವರು ದೀರ್ಘಾಯುಷ್ಯವನ್ನು ಕಾಣಲಿಲ್ಲ. 1876ರಿಂದ 1878ರ ವರೆಗೆ ಬೆಳಗಾವಿ ಧಾರವಾಡ ಜಿಲ್ಲೆಗಳನ್ನು ಹಿಂಡಿದ ಘೋರ ಬರಗಾಲವು ಮುಗಿದು ಮೂರು ವರುಷಗಳೊಳಗೆ, 1881ರ ಜನವರಿ ತಿಂಗಳಲ್ಲಿ, 47 ವರುಷ ಪ್ರಾಯದಲ್ಲಿ ಅವರು ತೀರಿಕೊಂಡರು. ತಾವು ನೆಟ್ಟ ಗಿಡದ ನೆರಳಲ್ಲಿ ಅವರು ಕೂಡ್ರಲಿಲ್ಲ. ಅವರು ತೀರಿದ 9 ವರುಷಗಳ ಮೇಲೆ, 1890ರಲ್ಲಿ, ಧಾರವಾಡದಲ್ಲಿ ಕರ್ನಾಟಕ ವಿದ್ಯಾವರ್ಧಕ ಸಂಘವು ಹುಟ್ಟಿತು. 1956ರಲ್ಲಿ ಈ ಸೀಮೆಯು ಮುಂಬಯಿಯಿಂದ ಬೇರೆಯಾಗಿ ಕನ್ನಡ ರಾಜ್ಯಕ್ಕೆ ಸೇರಿತು. ಇಂದು ಮಲಪ್ರಭೆಯ ದಂಡೆಯ ಹಳ್ಳಿಹಳ್ಳಿಗಳಲ್ಲಿ ಕನ್ನಡ ಶಾಲೆಯ ಗಂಟೆ ಬಾರಿಸುತ್ತದೆ. ಆ ಗಂಟೆಯ ಶಬ್ದದಲ್ಲಿ, ಊರೂರು ತಿರುಗಿ ಮನವೊಲಿಸಿದ ಒಬ್ಬ ಮನುಷ್ಯನ ಧ್ವನಿಯೂ ಸೇರಿದೆ. ನೀವು ಈ ಪತ್ರಿಕೆಯನ್ನು ನಿಮ್ಮ ಮಾತಿನಲ್ಲಿ ಓದಬಲ್ಲವರಾಗಿದ್ದರಲ್ಲಿಯೂ ಆತನ ದುಡಿಮೆಯ ಪಾಲುಂಟು.

ಈಗ ನಮ್ಮ ರಾತ್ರಿ ವರ್ಗದ ಸಂಗತಿಯನ್ನು ಮುಗಿಸುತ್ತೇವೆ. ಈ ಚರಿತ್ರೆಯನ್ನು ಓದಿದ ಮೇಲೆ ನಾವು ಆ ಎರಡು ಮನೆಗಳಿಗೆ ಹೋಗಿ, ಸಭೆಯ ಮುಂದೆ ನಾಚಿಸಿದ್ದು ನಮ್ಮ ತಪ್ಪೆಂದು ಒಪ್ಪಿಕೊಂಡೆವು. ಒಬ್ಬ ತಾಯಿಯು ಮಾತಾಡದೆ ನಮ್ಮ ಮುಂದೆ ಚಹದ ಬಟ್ಟಲನ್ನು ಇಟ್ಟಳು. ಇನ್ನೊಂದು ಮನೆಯ ಯಜಮಾನನು ಬಾಗಿಲಲ್ಲಿಯೇ ನಿಲ್ಲಿಸಿ ಕಳುಹಿಸಿದನು. ಅಂದಿನಿಂದ ಬಾರದವರ ಹೆಸರುಗಳನ್ನು ಓದುವದನ್ನು ಬಿಟ್ಟೆವು. ಯಾವ ಮಗುವು ಹೊಸದಾಗಿ ತನ್ನ ಹೆಸರನ್ನು ಬರೆಯಲು ಕಲಿಯುವದೋ ಅದರ ಹೆಸರನ್ನು ಮಾತ್ರ ಸಭೆಗೆ ತಿಳಿಸುತ್ತೇವೆ. ಹತ್ತಿ ಬಿಡಿಸುವ ಕಾಲದಲ್ಲಿ ವರ್ಗವನ್ನು ಒಂದು ತಾಸು ತಡಮಾಡಿ ನಡಿಸುತ್ತೇವೆ. ಯಾಕಂದರೆ ದಣಿದ ಮಗುವಿಗೆ ಮೊದಲು ರೊಟ್ಟಿ ಬೇಕು. ವರುಷದ ಕೊನೆಗೆ 11 ಮಕ್ಕಳು ಬರುತ್ತಿದ್ದರು. 14 ಆಗಲಿಲ್ಲ. ಬಾಗಿಲಲ್ಲಿ ನಿಲ್ಲಿಸಿದ ಮನೆಯವರು ಇನ್ನೂ ತಿರುಗಿ ಬಂದಿಲ್ಲ. ನಾವು ಅವರ ಓಣಿಗೆ ಹೋಗುವದನ್ನು ಬಿಟ್ಟಿಲ್ಲ. ಕಟುವಾದ ಒಂದು ಮಾತು ಒಂದೇ ದಿನದಲ್ಲಿ ಮುಚ್ಚಿದ ಬಾಗಿಲನ್ನು ತೆರೆಯಲು ಪ್ರೀತಿಗೆ ವರುಷಗಳು ಬೇಕಾಗಬಹುದು.

ಸಭೆಯ ಹಿರಿಯರೇ, ತಾಯಂದಿರೇ, ಶಾಲೆಯ ಗುರುಗಳೇ, ಈ ತಿಂಗಳು ಒಂದು ಚಿಕ್ಕ ಕೆಲಸವನ್ನು ಮಾಡಿ ನೋಡಿರಿ. ನಿಮ್ಮ ಓಣಿಯಲ್ಲಿ ಯಾವನ ವಿಷಯವಾಗಿ ನೀವು ಬೇಸತ್ತಿದ್ದೀರೋ ಅವನು ಮಾಡಿದ ಒಂದು ಒಳ್ಳೇ ಕೆಲಸವನ್ನು ಹುಡುಕಿ, ಅದನ್ನು ಕಂಡೆನೆಂದು ಅವನಿಗೆ ಹೇಳಿರಿ. ಶಿಷ್ಯರೆಲ್ಲರೂ ಅಂಜಿ ಸೌಲನನ್ನು ನಂಬದೆ ಇದ್ದಾಗ ಅವನ ಕೈ ಹಿಡಿದು ಒಳಗೆ ಕರೆದುಕೊಂಡು ಬಂದ ಬಾರ್ನಬನನ್ನು ನೀವು ಬಲ್ಲಿರಿ. ಅಂಥವರು ಸಭೆಗೊಬ್ಬರಾದರೂ ಏಳಲಿ, ನಮ್ಮ ನಾಲಿಗೆಗಳು ಬೀಳಿಸುವದಕ್ಕಲ್ಲ, ಎತ್ತುವದಕ್ಕೆ ಉಪಯೋಗವಾಗಲಿ ಎಂಬದೇ ನಮ್ಮ ಪ್ರಾರ್ಥನೆ.